ಖಾರಪುಡಿಯ ಬಣ್ಣ

ರೀ,

ರೊಟ್ಟಿ ಬುಟ್ಟಿಯಲ್ಲಿವೆ, ಬದನೆಕಾಯಿ ಪಲ್ಯ ಮುಚ್ಚಿಟ್ಟಿದ್ದೇನೆ. ನಾನು ಖಾರಪುಡಿ ಪರೀಕ್ಷೆ ಮಾಡಿಸಲು ಧಾರವಾಡದ ಲ್ಯಾಬಿಗೆ ಹೊರಟಿದ್ದೇನೆ, ಬರುವುದು ಸಂಜೆಯಾಗುತ್ತದೆ.

ನಿಮ್ಮ ದೋಸ್ತ ಕೊಟ್ರೇಶಣ್ಣ ಮಾಲು ಸಾಗಿಸಲು ಬಂದು ಗೋದಾಮಿನ ಕೀಲಿ ಕೇಳುತ್ತಾರೆ. ಎರಡೂ ಕೀಲಿ ನನ್ನ ಹತ್ತಿರ ಇವೆ ಎನ್ನಿ. ಚಹಾ ಕೊಟ್ಟು ಕಳಿಸಿ.

ನಿನ್ನೆ ಅವರು ಬ್ಯಾಡಗಿಯಲ್ಲಿ ಬೀಸಿಸಿ ತಂದ ಖಾರಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ನೋಡಿದೆ. ನೀರು ಕುಂಕುಮ ಕದಡಿದಂತೆ ಕೆಂಪಾಯಿತು. ಬರೀ ಮೆಣಸಿನಕಾಯಿಯ ಪುಡಿ ನೀರಿಗೆ ಹೀಗೆ ಬಣ್ಣ ಬಿಡುವುದಿಲ್ಲ. ನಾಲಿಗೆಗೆ ಇಟ್ಟರೆ ಉರಿ. ಬ್ಯಾಡಗಿ ಕಾಯಿಗೆ ಇಷ್ಟು ಖಾರ ಎಲ್ಲಿಂದ ಬರಬೇಕು? ಕೇಳಿದರೆ, "ಈ ವರ್ಷದ ಕಾಯಿನ ಹಂಗ ಅದಾವ ತಂಗಿ, ನೀ ಭಾಳ ವಿಚಾರ ಮಾಡಬ್ಯಾಡ" ಎಂದು ನಕ್ಕರು.

ವಿಚಾರ ಮಾಡದೆ ಹೇಗಿರಲಿ? ಮಸಾಲೆ ಕಂಪನಿಯಲ್ಲಿ ಇಂಥ ಪುಡಿಯನ್ನು ಹಿಡಿದು ವಾಪಸ್ ಕಳಿಸುವುದೇ ನನ್ನ ಕೆಲಸವಾಗಿತ್ತು. ಆ ನೌಕರಿ ಬಿಟ್ಟು ಬಂದು ನಮ್ಮದೇ ಖಾರಪುಡಿ ಶುರುಮಾಡಿ ಪ್ಯಾಕೆಟ್ ಮೇಲೆ ನನ್ನ ಹೆಸರನ್ನೇ ಹಾಕಿಸಿದ್ದೇನೆ. ನಮ್ಮ ಓಣಿಯ ಮಕ್ಕಳೂ ಅದನ್ನೇ ಉಣ್ಣುತ್ತಾರೆ.

ರಾಣೆಬೆನ್ನೂರಿನ ಅಂಗಡಿಯವರು ಫೋನ್ ಮಾಡಿದರೆ ಮಾಲು ಇವತ್ತು ಬರುವುದಿಲ್ಲ ಎಂದಷ್ಟೇ ಹೇಳಿ, ಕಾರಣ ಹೇಳಬೇಡಿ. ನಿಮ್ಮ ಬಿ.ಪಿ. ಗುಳಿಗೆ ಮರೆಯಬೇಡಿ.

ಇನ್ನೊಂದು ಮಾತು. ನಿನ್ನೆ ಊಟಕ್ಕೆ ಕುಳಿತಾಗ ನಾನು ಪುಡಿಯ ಸುದ್ದಿಯನ್ನೇ ತೆಗೆದಿರಲಿಲ್ಲ. ನೀವಾಗಿಯೇ, "ಬಣ್ಣಾ ಎಲ್ಲಾರೂ ಒಂದೀಟು ಹಾಕ್ತಾರ ಬಿಡು" ಎಂದಿರಿ. ನಾನು ತಲೆ ಎತ್ತದೆ ಉಂಡು ಎದ್ದೆ. ಆಮೇಲೆ ನಿದ್ದೆ ಬರಲಿಲ್ಲ.

ಬಣ್ಣದ ಮಾತು ನಿಮಗೆ ಯಾರು ಹೇಳಿದರು? ಯಾವಾಗಿನಿಂದ ಗೊತ್ತು? ಫೋನಿನಲ್ಲಿ ಹೇಳಬೇಡಿ. ನಾನು ಬಂದ ಮೇಲೆ ನನ್ನ ಮುಖ ನೋಡಿ ಹೇಳಿ.

ಭುವನಾ