ಹೆಬ್ಬೆರಳಿನ ಗಾಯಕ್ಕೆ ವಿಭೂತಿ ಬೇಡ

ಅಪ್ಪಾಜಿ,

ಎಂಟರ ಬಸ್ಸಿಗೆ ಹುನಗುಂದದ ಶಾಲೆಗೆ ಹೊರಟೆ. ನಿಮ್ಮನ್ನು ಎಬ್ಬಿಸಲಿಲ್ಲ.

ನಿನ್ನೆ ನಿಮ್ಮ ಕಾಲಿನ ಹೆಬ್ಬೆರಳು ತೊಳೆಯುವಾಗ ಗಾಯದೊಳಗೆ ಮತ್ತೆ ವಿಭೂತಿ ಸಿಕ್ಕಿತು. "ಊರ ಮಂದಿಗೆಲ್ಲಾ ನಾನ ಹಚ್ಚೇನವಾ, ಯಾರಿಗೇನಾಗೇತಿ?" ಎನ್ನುತ್ತೀರಿ. ಅಯ್ಯನವರೆಂದು ನಿಮ್ಮ ಕೈಗುಣ ನಂಬಿ ಬಂದ ಅವರಿಗೆ ನಿಮ್ಮಂತೆ ಸಕ್ಕರೆ ಕಾಯಿಲೆ ಇರಲಿಲ್ಲ, ರಕ್ತ ತೆಳುವಾಗಿಸುವ ಗುಳಿಗೆಯೂ ಇರಲಿಲ್ಲ. ಮೂರು ವಾರವಾದರೂ ಮಾಯದ ಗಾಯದಲ್ಲಿ ಬೂದಿ ಕೂತರೆ ಕೀವಾಗುತ್ತದೆ. ಸೋಮವಾರ ಡಾಕ್ಟರು ಬೆರಳು ಉಳಿಯುತ್ತದೋ ಇಲ್ಲವೋ ಹೇಳುವವರಿದ್ದಾರೆ.

ರಕ್ತ ಬಂದರೆ ಒಗೆದಿಟ್ಟ ಬಿಳಿ ಬಟ್ಟೆ ಒತ್ತಿ ಹಿಡಿದು, ಕಾಲು ಮೇಲಿಟ್ಟು ಹತ್ತು ನಿಮಿಷ ಕುಳಿತುಕೊಳ್ಳಿ. ನಡುವೆ ತೆಗೆದು ನೋಡಬೇಡಿ. ನಿಲ್ಲದಿದ್ದರೆ ಫೋನ್ ಮಾಡಿ, ತರಗತಿ ಬಿಟ್ಟು ಬರುತ್ತೇನೆ.

ಹೆಸರುಕಾಳಿನ ಪಲ್ಯ ಪೂರ್ತಿ ತಿನ್ನಿ. ಗಾಯ ಮಾಯಲು ಅದೂ ಬೇಕು.

ಇನ್ನೊಂದು ಮಾತು. ಹೃದಯಕ್ಕೆಂದು ಕೊಟ್ಟ ಆ ರಕ್ತ ತೆಳುವಾಗಿಸುವ ಗುಳಿಗೆ ಎರಡು ಹೆಚ್ಚಾಗಿ ಉಳಿದಿವೆ. ರಕ್ತ ಬೇಗ ನಿಲ್ಲಲೆಂದು ನೀವೇ ಬಿಟ್ಟಿದ್ದೀರಿ. ಡಾಕ್ಟರನ್ನು ಕೇಳದೆ ಬಿಡಬಾರದೆಂದು ಮತ್ತೆ ಜಗಳವಾಡಲು ನನ್ನಲ್ಲಿ ಶಕ್ತಿಯಿಲ್ಲ. ಇವತ್ತಿನ ಗುಳಿಗೆಯನ್ನು ಪಲ್ಯದ ತಟ್ಟೆಯ ಪಕ್ಕದಲ್ಲಿಟ್ಟಿದ್ದೇನೆ. ಬೆರಳೊಂದು ಹೋದರೆ ಹೇಗೋ ತಾಳಿಕೊಳ್ಳುತ್ತೇನೆ, ಅಪ್ಪಾಜಿ. ಕಳೆದ ದೀಪಾವಳಿಯಂತೆ ನೀವು ಎದೆ ಹಿಡಿದುಕೊಂಡು ಕುಸಿಯುವುದನ್ನು ಇನ್ನೊಮ್ಮೆ ನೋಡುವುದು ನನ್ನಿಂದಾಗದು.

ಶೈಲಾ