ಗ್ವಾಡಿ ಮ್ಯಾಲಿನ ಎಣ್ಣಿ ಗುರುತು

ಅಪ್ಪಾ,

ರೊಟ್ಟಿ ಬುಟ್ಟ್ಯಾಗ ಅದಾವು, ಪಲ್ಯ ಮುಚ್ಚಿಟ್ಟೀನಿ. ಉಂಡ ಮ್ಯಾಲ ಗುಳಿಗಿ ತಗೋ.

ನಿನ್ನ ಕೈ ಮ್ಯಾಲ ಏಳವಲ್ದು ಅಂತ ಗ್ವಾಡಿ ಮ್ಯಾಲ ಗೆರಿ ಎಳದು, ದಿನಾ ಅಲ್ಲೀತನಕ ಬೆರಳು ಏರಿಸು ಅಂದಿದ್ದೆ. ಇವತ್ತ ನೋಡಿದ್ರ ಗೆರಿಗಿಂತ ಗೇಣು ಕೆಳಗ ಎಣ್ಣಿ ಬೆರಳಿನ ಗುರುತು ಅದಾವು. ಬೇವೂರಿನ ನಾಟಿ ವೈದ್ಯ ಓಬಳೆಪ್ಪನ ಕಡೆ ಎಣ್ಣಿ ಹಚ್ಚಿ ತಿಕ್ಕಿಸಿಕೊಂಡು ಬಂದೀ ಅಲ್ಲಾ? ಫಿಸಿಯೋಥೆರಪಿ ಓದಿದ ಮಗಳು ಮನ್ಯಾಗ ಇದ್ರೂ ಅವಗ ತೆಂಗಿನಕಾಯಿ, ಎಲಿ ಅಡಿಕಿ, ರೊಕ್ಕ. ನನಗ ಮಾತ್ರ "ಸ್ವಲ್ಪ ಒತ್ತು ಬಾ ಯವ್ವಾ."

ಓಣಿ ಮಂದಿಗೆಲ್ಲಾ "ನಮ್ಮ ಹುಡುಗಿ ಪುಕ್ಕಟ ನೋಡ್ತಾಳ" ಅಂತ ಹೇಳೋದು ಬಿಡು. ಸರಕಾರಿ ಪೋಸ್ಟ್ ಕರೀತಾರಂತ ಕಾದು ಸಾಕಾಗೇತಿ. ಕೊಪ್ಪಳದ ದವಾಖಾನಿ ಪಗಾರದಾಗ ಹೊಟ್ಟಿ ತುಂಬಂಗಿಲ್ಲ. ಹೆಣ್ಮಕ್ಕಳಿಗೆ ಬಸ್ ಪುಕ್ಕಟ ಐತಿ ಅಂತ ಈ ನೌಕರಿ ನಡದೈತಿ.

ನಿನ್ನೆ ಓಬಳೆಪ್ಪ ಬಸ್ ಸ್ಟ್ಯಾಂಡಿನಾಗ ಸಿಕ್ಕಿದ್ದ. "ನನ್ನ ಕಡೆ ಬಾರವ್ವಾ, ದವಾಖಾನ್ಯಾಗ ಕೊಡೋದ್ರ ದುಪ್ಪಟ್ಟು ಕೊಡ್ತೀನಿ" ಅಂದ.

ಇವತ್ತ ಕೊಪ್ಪಳಕ್ಕ ಹೋಗಂಗಿಲ್ಲ, ಬೇವೂರಿಗೆ ಹೊಂಟೀನಿ.

ಬೆರಳು ಏರಿಸೋದು ನಿಲ್ಲಸಬ್ಯಾಡ, ಇನ್ನೊಂದು ಗೇಣು ಉಳದೈತಿ. ನಾನ ಕೈ ಹಚ್ಚಬೇಕಂದ್ರ ಅಲ್ಲಿಗೇ ಬಾ. ಬರೋವಾಗ ತೆಂಗಿನಕಾಯಿ ಮರೀಬ್ಯಾಡ.

ಅಂಜಲಿ