ಇವತ್ತು ಅವರ ಸರದಿ

ಆಗಸ್ಟ್ 29, ಬೆಳಿಗ್ಗೆ

ಫೋನ್ ಒರೆಸಿದೆ. ಒಂಬತ್ತಕ್ಕೆ ಗಡಿಯಾಚೆಗೆ ಕರೆ. ಬೆಸ ತಾರೀಕು, ನಮ್ಮ ಸರದಿ. ಸಮ ತಾರೀಕು ಅವರದು. ಎರಡು ದೇಶಗಳ ನಡುವೆ ಉಳಿದಿರುವುದು ಈ ಒಂದೇ ಲೈನ್. ಅದರಲ್ಲಿ ಆಡುವ ಮಾತೂ ಇಷ್ಟೇ.

"ಇದ್ದೀರಾ?"

ಆ ಕಡೆ ಮೊದಲು ಕೆಮ್ಮು. ಆಮೇಲೆ, "ಇದ್ದೀವಿ. ನೀವು?"

"ಇದ್ದೀವಿ."

ಮುಗಿಯಿತು. ಹೆಚ್ಚು ಮಾತಾಡುವಂತಿಲ್ಲ. ಅವನ ಹೆಸರೂ ಗೊತ್ತಿಲ್ಲ. ನನ್ನ ಪಾಲಿಗೆ ಕೆಮ್ಮಣ್ಣ. ಇವತ್ತು ತಡೆಯಲಾರದೆ "ಬಿಸಿನೀರು ಕುಡೀರಿ" ಅಂದುಬಿಟ್ಟೆ. "ಹೂಂ, ಕುಡೀತೀನಿ ಅಕ್ಕ" ಅಂದವನೇ ಫೋನ್ ಇಟ್ಟ. ಅಕ್ಕ ಅಂತೆ! ಸ್ವಂತ ತಮ್ಮ ಹಾಗೆ ಕರೆದು ಎಷ್ಟು ಕಾಲವಾಯಿತೋ.

ಆಗಸ್ಟ್ 30, ಸಂಜೆ

ತಮ್ಮ ಬಂದಿದ್ದ. ಶೂ ಕೂಡ ಬಿಚ್ಚಲಿಲ್ಲ. ಟ್ಯಾಂಕಿನ ಪಡೆಯವನು. ಒಂದನೇ ತಾರೀಕಿನಿಂದ ಗಡಿಯ ಹೊಳೆದಂಡೆಯಲ್ಲಿ ದೊಡ್ಡ ಎಕ್ಸರ್‌ಸೈಜ್, ಇವನದೇ ಮುಂದಿನ ಸಾಲು.

"ಆ ಕಡೆಯವರು ಅಣುಬಾಂಬ್ ಇಟ್ಕೊಂಡು ಕೂತಿದ್ದಾರೆ. ನಾವೂ ಅಷ್ಟೇ. ಅಂಥ ಕಡೆ ಹೋಗಿ ಗುಂಡು ಹಾರಿಸಿ ತೋರಿಸೋದು ಯಾವ ಜಾಣತನವೋ?" ಅಂದೆ.

"ಹೆದರಿಸದಿದ್ರೆ ತಲೆ ಮೇಲೆ ಹತ್ತಿ ಕೂರ್ತಾರೆ. ನಿನ್ನ ಇದ್ದೀರಾ-ಇದ್ದೀವಿಯಿಂದ ಏನಾಗುತ್ತೆ?"

"ಇದ್ದೀವಿ ಅಂತ ಗೊತ್ತಾಗುತ್ತೆ ಕಣೋ. ಅಷ್ಟು ಸಾಲದಾ?"

ನಕ್ಕ. ಟೀ ಅರ್ಧಕ್ಕೇ ಬಿಟ್ಟು ಹೊರಟ. ಆ ಲೋಟ ತೊಳೆಯಲು ಮನಸ್ಸು ಬರಲಿಲ್ಲ.

ಆಗಸ್ಟ್ 31

ಕರೆ ಮಾಡಿದೆ. ಇದ್ದಾರೆ. ಅವನ ಕೆಮ್ಮು ಕಡಿಮೆ. ನನಗೇ ಮೈ ಕಾವೇರಿದೆ.

ಸೆಪ್ಟೆಂಬರ್ 4

ಜ್ವರ ಇಳಿಯಿತು, ಡ್ಯೂಟಿಗೆ ಬಂದೆ. ಮಲಗಿದ್ದಷ್ಟು ದಿನ ಬಾಗಿಲು ತಟ್ಟಿದವರಿಲ್ಲ.

ಸಮ ತಾರೀಕು, ಅವರು ಮಾಡಬೇಕು. ಒಂಬತ್ತಾಯಿತು... ಒಂಬತ್ತೂವರೆ... ಫೋನ್ ಸದ್ದಿಲ್ಲ. ಸಾಹೇಬರು ಬಾಗಿಲಲ್ಲಿ ನಿಂತು, "ಎಕ್ಸರ್‌ಸೈಜ್ ಶುರುವಾದಾಗಿಂದ ಇದೇ ಕತೆ. ನಿನ್ನೆ ನಾವೇ ಮಾಡಿದ್ರೂ ಎತ್ಲಿಲ್ಲ. ಕೊಬ್ಬು ಅವರಿಗೆ" ಅಂದರು.

ಆ ಕಡೆಯವರು ಕ್ಷಿಪಣಿಗಳನ್ನು ಶೆಡ್ಡಿನಿಂದ ಹೊರಗೆ ತಂದಿದ್ದಾರಂತೆ. ನಾವು ಇನ್ನಷ್ಟು ಪಡೆ ಕಳಿಸುತ್ತೇವಂತೆ. ಸೇರಿಗೆ ಸವ್ವಾ ಸೇರು. ನಡುವೆ ನನ್ನ ತಮ್ಮ.

ಸೆಪ್ಟೆಂಬರ್ 5

ರಿಂಗ್ ಆಗುತ್ತದೆ. ಎತ್ತುವುದಿಲ್ಲ. ಸಂಜೆ ಮನೆಯ ಬೀಗ ತೆಗೆದು, ಖಾಲಿ ಕೋಣೆಗೆ "ಇದ್ದೀರಾ?" ಅಂದೆ. ಹುಚ್ಚು ಹಿಡಿದಿದೆ ನನಗೆ. ಆಮೇಲೆ ಅಳುವೂ ಬಂತು.

ಸೆಪ್ಟೆಂಬರ್ 9

ಬೆಳಿಗ್ಗೆ ನಮ್ಮ ಕರೆ, ಎತ್ತಲಿಲ್ಲ. ಸಾಹೇಬರು ಮಾತಿಗೆ ಮಾತು ಬಂದು ಅಂದರು:

"ಒಂದನೇ ತಾರೀಕು ನೀನು ರಜೆ, ನಾನೇ ಕೂತಿದ್ದೆ. ಕಾದೂ ಕಾದೂ ಸಾಕಾಯ್ತು. ಅವರ ಸರದಿ, ಮಾಡ್ಲೇ ಇಲ್ಲ ನೋಡು."

ತಾರೀಕು ಎಣಿಸಿದೆ. "ಅವತ್ತು ಹೇಗೆ ಸಾರ್ ಅವರ ಸರದಿ?"

"ಹಿಂದಿನ ದಿನ ನಾವು ಮಾಡಿದ್ವಲ್ಲಮ್ಮ. ಒಂದು ದಿನ ನಾವು, ಒಂದು ದಿನ ಅವರು."

"ಮೂವತ್ತೊಂದೂ ಬೆಸ, ಒಂದೂ ಬೆಸ! ಎರಡು ದಿನವೂ ನಾವೇ ಮಾಡ್ಬೇಕಿತ್ತು ಸಾರ್!"

ಸಾಹೇಬರು ಗೋಡೆಯ ಕ್ಯಾಲೆಂಡರ್ ನೋಡಿದರು. ಆ ಕಡೆ ಕೆಮ್ಮಣ್ಣನೂ ಕಾದಿರುತ್ತಾನೆ. ನಮ್ಮ ಫೋನ್ ಬರಲಿಲ್ಲ, ಟ್ಯಾಂಕ್ ಬಂತು. ಇನ್ನು ಮಾತು ಮುಗಿಯಿತು ಅಂದುಕೊಂಡಿದ್ದಾರೆ. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

"ಮೇಲಿನವರಿಗೆ ಹೇಳಿ ಸಾರ್. ಎಕ್ಸರ್‌ಸೈಜ್ ನಿಲ್ಲಿಸ್ಲಿ. ತಪ್ಪಾಯ್ತು ಅಂತ ಒಂದು ಮಾತು ಹೇಳೋಣ."

"ದೇಶ ತಪ್ಪಾಯ್ತು ಅನ್ನುತ್ತೇನಮ್ಮ?"

"ದೇಶದ ಮಾತು ಆಮೇಲೆ. ಮೊದಲು ನೀವು ಅನ್ನಿ."

ಕೆಲಸ ಹೋದರೆ ಹೋಗಲಿ ಅಂತ ಜಗಳವೇ ಆಡಿದೆ. ಸಾಹೇಬರು ಎದ್ದು ಹೋದರು.

ಸೆಪ್ಟೆಂಬರ್ 10, ಬೆಳಿಗ್ಗೆ

ಸಾಹೇಬರು ನಿನ್ನೆಯೇ ಹೋಗಿ ಒಪ್ಪಿಕೊಂಡರಂತೆ. ಚೆನ್ನಾಗಿ ಬೈಸಿಕೊಂಡರಂತೆ. ನನ್ನ ಸಿಟ್ಟೂ ಇಳಿಯಿತು, ಪಾಪ. ವಿದೇಶಾಂಗದವರು ಹಟ ಹಿಡಿದು ಇವತ್ತೊಂದು ದಿನ ಎಕ್ಸರ್‌ಸೈಜ್ ತಡೆದಿದ್ದಾರೆ. ಸಂಜೆಯೊಳಗೆ ಆ ಕಡೆಯವರು ನಮ್ಮ ಮಾತು ಕೇಳಿಸಿಕೊಳ್ಳಬೇಕು. ಇಲ್ಲವಾದರೆ ನಾಳೆ ನಮ್ಮ ಕ್ಷಿಪಣಿಗಳೂ ಹೊಳೆದಂಡೆಗೆ.

ಓದಲು ಚೀಟಿ ಕೊಟ್ಟಿದ್ದಾರೆ: 'ಒಂದನೇ ತಾರೀಕು ಕರೆ ಮಾಡದಿದ್ದುದು ನಮ್ಮ ತಪ್ಪು. ಸೇನೆಯನ್ನು ತಡೆದಿದ್ದೇವೆ. ಮಾತಾಡೋಣ.'

"ಆದ್ರೆ ಇವತ್ತು ಅವರ ಸರದಿ. ನಾವು ಮಾಡೋ ಹಾಗಿಲ್ವಲ್ಲ" ಅಂದರು ಸಾಹೇಬರು. ಈಗ ನೆನಪಾಯಿತು ನೋಡಿ ನಿಯಮ! ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಮಾತಿಗೂ ಸರದಿ ಕಾಯುತ್ತ ಕೂತರೆ ಹೊಳೆದಂಡೆಯಲ್ಲಿರುವವನ ಗತಿಯೇನು?

ಒಂಬತ್ತಕ್ಕೆ ನಾನೇ ಮಾಡಿದೆ. ಎಂಗೇಜ್.

ಮತ್ತೆ ಮಾಡಿದೆ. ಎಂಗೇಜ್...

ಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತರು. ನನಗೆ ನಗು ಬಂತು, ಅಳುವೂ ಬಂತು. ಇಷ್ಟು ದಿನ ಬರೀ ರಿಂಗ್ ಆಗುತ್ತಿತ್ತು. ಎಂಗೇಜ್ ಅಂದರೆ ಆ ಕಡೆ ಯಾರೋ ರಿಸೀವರ್ ಎತ್ತಿದ್ದಾರೆ. ನಮ್ಮ ಟ್ಯಾಂಕ್ ನಿಂತದ್ದು ಕಂಡಿರಬೇಕು. ಆ ಫೋನಿನಿಂದ ಕರೆ ಹೋಗುವುದು ಇಲ್ಲಿಗೊಂದೇ.

"ನಮಗೇ ಮಾಡ್ತಿದ್ದಾರೆ ಸಾರ್! ನಾವು ಇಟ್ರೆ ತಾನೇ ಅವರಿಗೆ ಸಿಗೋದು?"

ಇಟ್ಟೆ. ಬರೀ ಕಾಯಲಾರೆ, ಅದಕ್ಕೇ ಬರೆಯುತ್ತ ಕೂತಿದ್ದೇನೆ. ಚೀಟಿ ಮುಂದೆಯೇ ಇದೆ. ಮೊದಲು ಅವನ ಕೆಮ್ಮು ಕೇಳಿಸಲಿ, ಆಮೇಲೆ ಓದುತ್ತೇ— ಫೋನ್!